ಆಯುಧಪೂಜೆಗೆ ಅಡಗಿಸಿದ ಕೆಂಪು ಸಾಲು

ಹೆಬ್ಬಾಳದ ನಮ್ಮ ಆಫೀಸಿನಲ್ಲಿ ಒಂದು ಪದ್ಧತಿಯಿತ್ತು. ಆಯುಧಪೂಜೆಯಂದು ಲ್ಯಾಪ್‌ಟಾಪುಗಳಿಗೆ ಕುಂಕುಮ ಇಡುವ ಹೊತ್ತಿಗೆ ಗೋಡೆಯ ದೊಡ್ಡ ಪರದೆಯಲ್ಲಿ ಟೆಸ್ಟ್‌ಗಳೆಲ್ಲ ಪಾಸಾಗಿ ಹಸಿರಾಗಿರಬೇಕು. ಒಂದು ಸಾಲು ಕೆಂಪಗೆ ಕಂಡರೂ ಅಪಶಕುನ. ಓದಿದವರ ಬುದ್ಧಿ ನೋಡಿ.

ನಾನು ಅಲ್ಲಿ ಟೆಸ್ಟರ್. ನಮ್ಮದು ಡಯಾಲಿಸಿಸ್‌ಗೆ ಸಮಯ ಕಾಯ್ದಿರಿಸುವ ಆ್ಯಪ್. ಆ್ಯಪ್ ಕೇಳುತ್ತದೆ, ಆಸ್ಪತ್ರೆಯ ಕಂಪ್ಯೂಟರ್ ಉತ್ತರ ಕೊಡುತ್ತದೆ. ಆ ಮಾತುಕತೆ ನಡೆಯುವ ದಾರಿಗೇ ಎಪಿಐ ಅನ್ನುತ್ತೇವೆ. ಫೋನಿನಲ್ಲಿ ಎಲ್ಲ ಚೆನ್ನಾಗಿ ಕಂಡರೆ ಸಾಲದು, ಆ ಮಾತುಕತೆಯನ್ನೇ ಬೇರೆಯಾಗಿ ಪರೀಕ್ಷಿಸಬೇಕು ಎಂದು ಎಲ್ಲರ ತಲೆ ತಿಂದವಳು ನಾನೇ. ಆಸ್ಪತ್ರೆ ‘ಜಾಗವಿಲ್ಲ’ ಅಂದರೂ ನಮ್ಮ ಹೊಸ ಆವೃತ್ತಿಯ ಆ್ಯಪ್ ‘ಖಚಿತವಾಗಿದೆ’ ಎಂದು ಹಸಿರು ಗುರುತು ತೋರಿಸುತ್ತಿತ್ತು. ಅದನ್ನು ಹಿಡಿದದ್ದೂ ನನ್ನ ಟೆಸ್ಟೇ.

ಪೂಜೆಯ ಬೆಳಿಗ್ಗೆ ಅದೊಂದೇ ಕೆಂಪಗಿತ್ತು. “ಅದನ್ನೊಂದ್ ಆಫ್ ಮಾಡಮ್ಮ, ಹಬ್ಬ ಆದ್ಮೇಲೆ ನೋಡ್ಕೊಳ್ಳೋಣ” ಎಂದರು ಮ್ಯಾನೇಜರ್. ಸಿಟ್ಟು ನೆತ್ತಿಗೇರಿತು. ಆದರೂ ಆಫ್ ಮಾಡಿದೆ. ಬೂದುಗುಂಬಳ ಒಡೆದು ಕಡಲೆಪುರಿ ಹಂಚಿದರು. ಹಬ್ಬ ಮುಗಿದ ವಾರ ಆ ತಪ್ಪಿನೊಂದಿಗೇ ಹೊಸ ಆವೃತ್ತಿ ಜನರ ಫೋನಿಗೆ ಹೋಯಿತು. ಆ ಟೆಸ್ಟನ್ನು ಮತ್ತೆ ಆನ್ ಮಾಡಲು ಯಾರಿಗೂ ನೆನಪಾಗಲಿಲ್ಲ, ನನಗೂ.

ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಮಗಳ ಆ್ಯಪ್ ಎಂಬ ಹೆಮ್ಮೆಗೆ ಅವರು ಅದರಲ್ಲೇ ಸಮಯ ಗೊತ್ತುಮಾಡುತ್ತಿದ್ದರು. ಒಂದು ಸೋಮವಾರ ಬ್ಯಾಟರಾಯನಪುರದ ಮನೆಯಿಂದ ಯಲಹಂಕದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವರ ಕಾಲು ಊದಿತ್ತು, ಚಪ್ಪಲಿ ಹಿಡಿಸುತ್ತಿರಲಿಲ್ಲ.

“ನಿಮ್ ಹೆಸರೇ ಇಲ್ವಲ್ಲ ಸರ್. ಬೆಡ್ ಎಲ್ಲ ಫುಲ್. ನಾಳೆ ಮಧ್ಯಾಹ್ನ ಬನ್ನಿ” ಎಂದರು ನರ್ಸ್.

ಅಪ್ಪ ಫೋನ್ ಚಾಚಿದರು. “ಇಲ್ನೋಡವ್ವ, ಅಸ್ರು ಗುರ್ತು ಬಂದದೆ.”

ನನಗೆ ತಕ್ಷಣ ತಿಳಿಯಿತು. ಯಾವ ಟೆಸ್ಟ್, ಯಾವ ಸಾಲು, ಎಲ್ಲ. ಹೊರಗೆ ಬಂದು ಮ್ಯಾನೇಜರ್‌ಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. “ಸಂಜೆಯೊಳಗೆ ಸರಿ ಮಾಡಿಸ್ತೀನಿ” ಎಂದರು. ಮಾಡಿಸುತ್ತಾರೆ, ಅನುಮಾನವಿಲ್ಲ. ಆದರೆ ಅದರಿಂದ ಅಪ್ಪನಿಗೆ ಬೆಡ್ ಹುಟ್ಟುವುದಿಲ್ಲ. ಇನ್ನೆರಡು ಆಸ್ಪತ್ರೆಗೆ ಫೋನ್ ಮಾಡಿದೆ, ಅಲ್ಲೂ ಇದೇ ಉತ್ತರ. ಏನು ಮಾಡಲೂ ತೋಚದೆ ಒಳಗೆ ಹೋಗಿ ಪಕ್ಕದಲ್ಲಿ ಕುಳಿತೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ನನ್ನ ಮುಖ ನೋಡಿ ಅಪ್ಪನೇ ಸಮಾಧಾನ ಹೇಳಿದರು. “ನಿನ್ ಆ್ಯಪ್ದೇನೂ ತಪ್ಪಿರಾಕಿಲ್ಲ ಬಿಡವ್ವ. ಪರೀಕ್ಷೆ ಮಾಡ್ದೆ ನೀನು ಏನೂ ಬಿಡಾಕಿಲ್ಲ. ಇವ್ರೇ ಎಲ್ಲೋ ಇಂಗೆ ಎಡವಟ್ಟು ಮಾಡ್ಕಂಡವ್ರೆ.”

ಹೇಳಿಬಿಡೋಣ ಎಂದು ಬಾಯಿ ತೆರೆದೆ. ಬದಲಿಗೆ “ನಾಳೆ ಮಧ್ಯಾಹ್ನ ಬರೋಣ, ಅಪ್ಪ” ಎಂದೆ.

ಬಾಯಾರಿಕೆ ಎಂದರು. ಡಯಾಲಿಸಿಸ್ ಆಗುವವರೆಗೆ ನೀರು ಹೆಚ್ಚು ಕೊಡಬಾರದು. ಬಾಟಲಿಯ ಮುಚ್ಚಳದ ತುಂಬ ಹಾಕಿ ಕೊಟ್ಟೆ. ಕುಡಿದು ಮುಚ್ಚಳವನ್ನು ಮತ್ತೆ ಚಾಚಿ, “ಇನ್ನೊಂದೇ ಒಂದು” ಎಂದರು. ನಾನು ಬಾಟಲಿಯನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದೆ.