ಫರಕಿಲ್ಲ ಅಂದವನು ನಾನೇ

‘ಭಾವ, ಹೊರಗ ಯಾರೋ ಟೈರ್ ಸುಡಾಕತ್ತಾರೆ ನೋಡ್ರಿ’ ಎಂದು ವೀರೇಶ ಕಾರಿನ ಗಾಜು ಏರಿಸಿದ.

ವೀರೇಶ ನನ್ನ ತಂಗಿಯ ಗಂಡ. ಹೋದ ಭಾನುವಾರ ಬೆಳಗ್ಗೆ ವಿನೋಬನಗರದ ನನ್ನ ಮನೆಗೆ ಬಂದು ನನ್ನನ್ನು ಕೂರಿಸಿಕೊಂಡು, ಹರಿಹರದ ತನ್ನ ಮನೆಗೆ ಊಟಕ್ಕೆ ಕರೆದೊಯ್ಯುತ್ತಿದ್ದ. ಹಿಂದಿನ ಸೀಟಿನಲ್ಲಿ ಅವನ ನಾಲ್ಕು ವರ್ಷದ ಮಗಳು ಸಿರಿ ನಿದ್ದೆ ಹೋಗಿದ್ದಳು.

ಗಾಜು ಏರಿಸಿದ ಮೇಲೆ ವಾಸನೆ ಹೆಚ್ಚಾಯಿತು. ಸುಡುತ್ತಿದ್ದದ್ದು ಒಳಗೆ! ನನ್ನ ಸೀಟಿನ ಕೆಳಗಿನಿಂದ ಎದ್ದ ಹೊಗೆ ಮಗುವಿನ ಕಡೆಗೆ ಹೋಗುತ್ತಿತ್ತು.

ಕಾರು ನಿಂತದ್ದು, ನಾನು ಮಗುವನ್ನು ಹೊರಗೆಳೆದದ್ದು ಹೇಗೆ ಆಯಿತೋ ಗೊತ್ತಿಲ್ಲ. (ಅವಳ ಒಂದು ಚಪ್ಪಲಿ ಒಳಗೇ ಉಳಿದಿತ್ತು. ಅದನ್ನು ತರಲು ಮತ್ತೆ ಹೊಗೆಯೊಳಗೆ ಬಾಗಿದೆ. ಯಾಕೆ?) ರಸ್ತೆ ಪಕ್ಕದ ಪಂಕ್ಚರ್ ಅಂಗಡಿಯ ಹಿರಿಯರೊಬ್ಬರು ಸ್ಪ್ಯಾನರ್ ಹಿಡಿದು ಓಡಿಬಂದು, ಬಾನೆಟ್ ಎತ್ತಿ, ಬ್ಯಾಟರಿಯ ವೈರು ಬಿಚ್ಚಿದರು. ಹೊಗೆ ನಿಂತಿತು.

‘ಇದ್ಕೆ ಫ್ಯೂಸೇ ಇಲ್ಲಲ್ರೀ! ಹಾಡು ಕೇಳಾಕ ಹೊಂಟಿದ್ರೋ, ಹೊಗೆ ಹಾಕಿಸ್ಕಳಾಕ ಹೊಂಟಿದ್ರೋ?’

ಸುಟ್ಟದ್ದು ಆಂಪ್ಲಿಫೈಯರ್, ಹಾಡಿನ ಸದ್ದು ಏರಿಸುವ ಡಬ್ಬಿ. ಹಳೆಯದು ಕೆಟ್ಟಿತ್ತೆಂದು ಎರಡು ವಾರದ ಹಿಂದೆ ಅದೇ ಕಂಪನಿಯ ಹೊಸ ಮಾಡೆಲ್ ಕೊಳ್ಳುವಾಗ ವೀರೇಶ ಎರಡನ್ನೂ ಹೋಲಿಸುವ ಪಟ್ಟಿ ತೆರೆದು ತನ್ನ ಫೋನನ್ನು ನನ್ನ ಕೈಗಿಟ್ಟಿದ್ದ. ‘ಭಾವ, ನೀವು ಓದಿದೋರು. ಎರಡ್ರಾಗ ಏನು ಫರಕ್ ಐತೆ ನೋಡಿ ಹೇಳ್ರಿ.’

ನೋಡಿದೆ. ಮಾಡೆಲ್ ಹೆಸರಿನಲ್ಲಿ ಕೊನೆಯ ಒಂದು ಅಕ್ಷರ ಬೇರೆ. ವ್ಯಾಟ್ ಅಷ್ಟೇ, ಚಾನೆಲ್ ಅಷ್ಟೇ. ಹೊಸದು ತೆಳ್ಳಗಿದೆ, ಸೀಟಿನ ಕೆಳಗೆ ಸಲೀಸಾಗಿ ಕೂರುತ್ತದೆ. ‘ಫರಕಿಲ್ಲ’ ಅಂದೆ. ಅಂಗಡಿಯ ಫಿಟ್ಟರ್ ಹಳೆಯ ವೈರಿಗೇ ಹೊಸ ಡಬ್ಬಿ ಸಿಕ್ಕಿಸಿದ.

ಈಗ ಎರಡನ್ನೂ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೇನೆ. ಹಳೆಯದರ ಬೆನ್ನಿನಲ್ಲೇ ಎರಡು ಫ್ಯೂಸ್‌ಗಳಿವೆ. ಒಳಗೆ ಏನಾದರೂ ಕೆಟ್ಟರೆ ಮೊದಲು ತಾವು ಸುಟ್ಟು ಕರೆಂಟ್ ತಡೆಯುತ್ತವೆ. ಹೊಸದರಲ್ಲಿ ಆ ಜಾಗ ನುಣ್ಣಗಿದೆ. ಫ್ಯೂಸನ್ನು ಬ್ಯಾಟರಿ ಹತ್ತಿರ, ವೈರಿನಲ್ಲೇ ಬೇರೆಯಾಗಿ ಹಾಕಿಸಬೇಕಂತೆ. ಡಬ್ಬಿಯ ಜೊತೆ ಬಂದ ಚೀಟಿಯಲ್ಲಿ ಹಾಗಂತ ಇದೆ, ಸಾಸಿವೆ ಗಾತ್ರದ ಅಕ್ಷರದಲ್ಲಿ.

ಫೋನಿನ ಹೋಲಿಕೆ ಪಟ್ಟಿಯಲ್ಲಿ ಬಣ್ಣಕ್ಕೊಂದು ಸಾಲಿತ್ತು, ಡಬ್ಬಿಯ ಮೇಲೆ ಮಿನುಗುವ ಲೈಟಿಗೊಂದು ಸಾಲಿತ್ತು. ಫ್ಯೂಸಿಗೆ ಇರಲಿಲ್ಲ. ನಾನೂ ಕೇಳಲಿಲ್ಲ. ನನಗೆ ಗೊತ್ತಾಗುವುದಿಲ್ಲ ಎನ್ನಲು ನಾಚಿಕೆ. ಡಿಗ್ರಿ ಇದೆಯಲ್ಲ!

ವಾರವಿಡೀ ಫೋನ್ ಚಾರ್ಜರ್, ಫ್ಯಾನಿನ ಸ್ವಿಚ್ಚು ಎಲ್ಲವನ್ನೂ ಮೂಸುತ್ತಿದ್ದೇನೆ. ಸಾಕಾಗಿದೆ. ತಂಗಿ ಮತ್ತೆ ಊಟಕ್ಕೆ ಕರೆದಿದ್ದಾಳೆ. ಬೈದಿದ್ದರೆ ಚೆನ್ನಾಗಿತ್ತು.

ನಿನ್ನೆ ವೀರೇಶನ ವಾಟ್ಸಾಪ್ ಬಂತು. ಮತ್ತೆರಡು ಮಾಡೆಲ್‌ಗಳ ಫೋಟೊ. ‘ಇವೆರಡ್ರಾಗ ಯಾವ್ದು ಭಾವ?’ ಫೋನ್ ಮಾಡಿ, ‘ಫ್ಯೂಸ್ ಎಲ್ಲೈತೆ ನೋಡ್ದೇನೋ?’ ಅಂದೆ.

‘ಅದನ್ನ ಫಿಟ್ಟರ್ ನೋಡ್ಕಂತಾನೆ ಬಿಡ್ರಿ. ಲೈಟು ನೀಲಿದು ತಗಳ್ಳೋದೋ, ಕೆಂಪುದೋ ಹೇಳ್ರಿ. ಸಿರಿ ನೀಲಿನೇ ಬೇಕಂತಾಳೆ.’

ಮಗಳನ್ನು ಆ ಕಾರಿಗೆ ಹತ್ತಿಸಬೇಡ ಎಂದು ತಂಗಿಗೆ ಹೇಳಬೇಕು. ಯಾವ ಮುಖ ಇಟ್ಟುಕೊಂಡು ಹೇಳಲಿ?