ಊರ ತಲೆಗೆಲ್ಲ ಸಿಕ್ಕ ಕೈ

ನನ್ನ ಗಂಡನ ಕೈಗುಣ ಬನಹಟ್ಟಿಯಲ್ಲಿ ಹೆಸರಾಗಿತ್ತು. ಅವರು ನಮ್ಮ ಸಣ್ಣ ಕ್ರೈಸ್ತ ಸಭೆಯ ಉಪದೇಶಿ. ಪಾದ್ರಿ ಅಯ್ಯನವರು ವರ್ಷಕ್ಕೆ ಎರಡು ಸಲ ಬಂದು ಹೋಗುವವರು. ಉಳಿದ ದಿನಗಳ ಪ್ರಾರ್ಥನೆ, ಬೋಧನೆ, ಜಡ್ಡಾದವರ ಆರೈಕೆ ಎಲ್ಲ ಇವರ ಹೆಗಲಿಗೆ. ಜಮಖಂಡಿ, ಮುಧೋಳದ ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದ ಹೊಸತು. ಬೀಳಗಿಯಲ್ಲಿ ಯಾರಿಗೋ ಮೈಯಲ್ಲಿ ಆರಾಮಿಲ್ಲ ಎಂದು ಸುದ್ದಿ ಬಂದರೆ ಸಾಕು, ಉಣ್ಣುವ ತಾಟು ಬಿಟ್ಟು ಸೈಕಲ್ ಹತ್ತುತ್ತಿದ್ದರು. ಹೋಗಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದರು. ನೇಕಾರರ ಮುದುಕಿಯರು, ಮೊಲೆ ಕುಡಿಯುವ ಕೂಸುಗಳು, ನಮ್ಮ ಸಭೆಗೆ ಸಂಬಂಧವೇ ಇಲ್ಲದ ಕುರುಬರು ಕೂಡ ಇವರ ಕೈಗೆ ತಲೆಯೊಡ್ಡುತ್ತಿದ್ದರು. ಒಮ್ಮೆ ರನ್ನ ಬೆಳಗಲಿಯಲ್ಲಿ ಹಾಲು ಬತ್ತಿದ ಎಮ್ಮೆಯ ಹಣೆಯ ಮೇಲೂ ಕೈಯಿಟ್ಟು ಬಂದರು. ಆ ಎಮ್ಮೆಯ ಮೇಲೆ ನನಗಾದ ಹೊಟ್ಟೆಕಿಚ್ಚನ್ನು ಯಾರ ಮುಂದೆ ಹೇಳಲಿ?

ಯಾಕೆಂದರೆ ಹಗಲಿನಲ್ಲಿ ನನ್ನನ್ನು ಅವರು ಮುಟ್ಟುತ್ತಿರಲಿಲ್ಲ. ಚಹಾ ಕೈಗೆ ಕೊಡಲು ಹೋದರೆ "ಅಲ್ಲೇ ಇಡು" ಎನ್ನುತ್ತಿದ್ದರು. ನಮಗೆ ಎರಡು ಮಕ್ಕಳಾಗಿದ್ದವು, ಹಾಗಾಗಿ ನಾನು ಹೇಳುತ್ತಿರುವುದು ಆ ವಿಷಯವಲ್ಲ. ಹಾದುಹೋಗುವಾಗ, ಅಕ್ಕಿ ಆರಿಸುತ್ತ ಕೂತ ಹೆಂಡತಿಯ ಹೆಗಲ ಮೇಲೆ ಒಂದು ಗಳಿಗೆ ಕೈಯಿಟ್ಟರೆ ಗಂಡನಾದವನ ಗಂಟೇನು ಹೋಗುತ್ತದೆ?

ಉಪದೇಶಿಯ ಮನೆಯ ಬಾಗಿಲನ್ನು ಹಗಲು ಮುಚ್ಚಬಾರದು ಎಂಬ ಕಟ್ಟಳೆಯಿತ್ತು. ಕಷ್ಟವಿದ್ದವರು ಯಾವಾಗಲಾದರೂ ನೆಟ್ಟಗೆ ಒಳಗೆ ಬರಬಹುದು. ಅಂಥ ಮನೆಯಲ್ಲಿ ಹೆಂಡತಿಯ ಕೈ ಹಿಡಿದರೆ ಮಂದಿ ಏನಂದಾರು ಎಂಬುದು ಇವರ ಅಂಜಿಕೆ. ಹೀಗೆ ಅಂಜುವವರೇ ಮುಧೋಳದ ಮದುವೆಗಳಲ್ಲಿ, ಗಂಡ ಹೆಂಡತಿ ಇಬ್ಬರಲ್ಲ, ಒಂದೇ ದೇಹ ಎಂದು ಗಂಟಲು ಹರಿಯುವಂತೆ ಬೋಧಿಸುತ್ತಿದ್ದರು. ಹೆಂಗಸರ ಸಾಲಿನಲ್ಲಿ ಕೂತು ನಾನು ಹಲ್ಲು ಕಚ್ಚಿಕೊಳ್ಳುತ್ತಿದ್ದೆ.

ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ. "ನಾ ಏನ್ ಹೊಲಸ ಅದೀನೇನ್ರಿ?"

"ಏನ್ ಮಾತಂತ ಆಡ್ತಿ! ಪ್ರೀತಿ ಅನ್ನೂದು ಮನಸಿನ್ಯಾಗ ಇರಬೇಕು."

"ಮತ್ತ ಆ ಎಮ್ಮಿ ಮ್ಯಾಲಿನ ಪ್ರೀತಿ ಕೈಯಾಗ ಹೆಂಗ ಬಂತು?"

ಅವರು ಸೈಕಲ್ ಹತ್ತಿ ಹೋದರು. ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಆ ಚಳಿಗಾಲದಲ್ಲಿ ನನಗೆ ಜ್ವರ ಬಂದು ಎಂಟು ದಿನವಾದರೂ ಬಿಡಲಿಲ್ಲ. ಇವರು ದಿನಾ ಪ್ರಾರ್ಥಿಸಿದರು, ಆದರೆ ಬಾಗಿಲ ಹತ್ತಿರ ನಿಂತು, ತಮ್ಮ ಕೈಗಳನ್ನು ತಾವೇ ಜೋಡಿಸಿಕೊಂಡು. ಒಂಬತ್ತನೆಯ ದಿನ ಮಧ್ಯಾಹ್ನ ನನ್ನ ತಾಳ್ಮೆ ಮುಗಿಯಿತು.

"ನಾನೂ ಈ ಸಭಾದಾಕಿನ ಅಲ್ಲೇನ್ರಿ? ಗಂಡ ಆಗಿ ಬ್ಯಾಡ, ಉಪದೇಶಿ ಆಗಿ ಬರ್ರಿ."

ಅವರು ಓಣಿಯತ್ತ ಒಮ್ಮೆ ನೋಡಿದರು. ಆಮೇಲೆ ಬಂದು ಕೂತು ನನ್ನ ಹಣೆಯ ಮೇಲೆ ಕೈಯಿಟ್ಟರು. "ಕರ್ತನೇ, ಜಡ್ಡಿನಲ್ಲಿರುವ ನಿನ್ನ ಈ ಸಹೋದರಿಯನ್ನು..." ಎಂದು ಶುರುಮಾಡಿದರು. ಸಹೋದರಿಯಂತೆ! ಮೈಯಲ್ಲಿ ಶಕ್ತಿಯಿದ್ದಿದ್ದರೆ ಎದ್ದು ಜಗಳ ತೆಗೆಯುತ್ತಿದ್ದೆ. ಆದರೆ ಕೈ ತಣ್ಣಗಿತ್ತು, ಸೈಕಲ್ ಹಿಡಿದು ಹಿಡಿದು ಒರಟಾಗಿತ್ತು. ಅದು ಅಲ್ಲೇ ಇರಲಿ ಅನಿಸಿತು.

ಜಡ್ಡಾದವರು ತಾವೇ ಆಮೆನ್ ಎನ್ನುವ ತನಕ ಕೈ ತೆಗೆಯಬಾರದು ಎಂಬುದು ಇವರ ಪದ್ಧತಿ. ಪ್ರಾರ್ಥನೆ ಮುಗಿಯಿತು, ನಾನು ತುಟಿ ಬಿಚ್ಚಲಿಲ್ಲ. ನನಗೆ ಕೇಳಿಸಲಿಲ್ಲವೆಂದುಕೊಂಡು ಇನ್ನೊಮ್ಮೆ ಪ್ರಾರ್ಥಿಸಿದರು. ಆಮೇಲೆ ಮಳೆಗಾಗಿ, ಮಗ್ಗದವರಿಗಾಗಿ, ಕಡೆಗೆ ಮುಂಬಯಿಯ ಮಂತ್ರಿಗಳಿಗಾಗಿಯೂ ಬೇಡಿಕೊಂಡರು. ಮಾತು ತೀರಿತು.

"ಆಮೆನ್ ಅನ್ನು," ಎಂದರು ಮೆಲ್ಲಗೆ.

"ಅನ್ನಂಗಿಲ್ಲ. ಅಂದ್ರ ನೀವು ಕೈ ತಗೀತೀರಿ."

ಸ್ವಲ್ಪ ಹೊತ್ತಿನ ಮೇಲೆ ಅವರ ಕೈ ಹಣೆಯಿಂದ ಕೂದಲಿಗೆ ಸರಿಯಿತು. ಪ್ರಾರ್ಥನೆಯ ಕೈ ಹಾಗೆ ಸರಿಯುವುದಿಲ್ಲ. ಒಂದು ಸಲ, ಇನ್ನೊಂದು ಸಲ ಕೂದಲನ್ನು ಹಿಂದಕ್ಕೆ ಸವರಿತು.

ಅಷ್ಟರಲ್ಲಿ ನಮ್ಮ ಸಭೆಯವಳೇ ಆದ ಪಕ್ಕದ ಮನೆಯ ಮುದುಕಿ ಗಂಜಿ ಹಿಡಿದು ಒಳಗೆ ಬಂದಳು. ಪ್ರಾರ್ಥನೆ ನಡೆದಿದೆ ಎಂದುಕೊಂಡು ಗಂಜಿ ಕೆಳಗಿಟ್ಟಳು, ಕಣ್ಣು ಮುಚ್ಚಿದಳು, ತಲೆ ಬಾಗಿಸಿದಳು. ಮನೆ ತುಂಬ ಕೇಳುವಂತೆ "ಆಮೆನ್!" ಎಂದಳು.

ಕೈ ಹೋಯಿತು. ಇವರು ಎದ್ದು ಅಂಗಿ ಸರಿಮಾಡಿಕೊಳ್ಳುತ್ತ ದೂರ ನಿಂತರು. ನಾನು ಗೋಡೆಯ ಕಡೆ ಹೊರಳಿ ಬಿಕ್ಕಿ ಬಿಕ್ಕಿ ಅತ್ತೆ.

"ದೇವರು ಮುಟ್ಟ್ಯಾನ ನೋಡ್ರಿ, ಹೆಂಗ ಅಳಾಕತ್ತಾಳ!" ಎಂದಳು ಮುದುಕಿ.

"ನಾ ದೇವರನ್ನ ಕೇಳಿದ್ದಿಲ್ಲ ಆಯಿ, ಇವರನ್ನ ಕೇಳಿದ್ದೆ."

"ಪಾಪ, ಜ್ವರಾ ತಲಿಗೇರೇತ್ರಿ ಉಪದೇಶಿಗಳ," ಎಂದಳು ಅವಳು.

ನನ್ನ ಗಂಡ ಹೌದೆಂದು ತಲೆಯಾಡಿಸಿದರು.