ಮೂಲೆಯ ಕಂಪ್ಯೂಟರ್‌ಗೆ ಇಂದು ನಿವೃತ್ತಿ

ಗೆಳೆಯರೇ, ನಮ್ಮ ವೆಬ್‌ಸೈಟ್‌ಗಳು ಇನ್ನು ಮುಂದೆ ಹಳೆಯ ಬ್ರೌಸರ್‌ನಲ್ಲಿ ಸರಿಯಾಗಿ ಕಾಣಬೇಕಿಲ್ಲ ಎಂದು ತೆಲುಗು ನಾಡಿನ ಈ ದ್ವಾರಕಾ ನಗರದ ನಮ್ಮ ಆಫೀಸಿನಲ್ಲಿ ಇಂದು ತೀರ್ಮಾನವಾಯಿತು. ಆ ಬ್ರೌಸರ್‌ನ ಪರೀಕ್ಷೆಗೆಂದೇ ಮೂಲೆಯಲ್ಲೊಂದು ಕಂಪ್ಯೂಟರ್ ಇತ್ತು. ಅದರ ಡಬ್ಬಿಯಂಥ ಮಾನಿಟರ್ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿದೆ. ಪುಟದಲ್ಲಿ ಏನೇ ಓರೆಯಾದರೂ ನಾನು ಅದನ್ನೇ ಬೈಯುತ್ತಿದ್ದೆ. ಇಂದು ಆಫ್ ಮಾಡಲು ಹೋದರೆ ಕೈ ಏಳಲಿಲ್ಲ.

ಟೆಸ್ಟಿಂಗ್ ನೋಡುವ ಮಂಡ್ಯದ ಸುಜಾತಾ, "ಹಳೇ ಬ್ರೌಸರ್ ಬಿಡದಿದ್ದ ನಮ್ಮ ಕೊನೇ ಗಿರಾಕಿ, ಆ ಅಚ್ಯುತಾಪುರಂ ಫ್ಯಾಕ್ಟರಿಯವ್ರೇ ಹೊಸದು ಹಾಕ್ಕೊಂಡಾಯ್ತು, ನಿಮ್ದೇನು?" ಎಂದು ತಾವೇ ಸ್ವಿಚ್ ಒತ್ತಿದರು.

ಸಂಜೆ ಹೊಸ ಬ್ರೌಸರ್‌ನಲ್ಲೂ ನಾನು ಬರೆದ ಮೆನು ಜಾರಿ ಪುಟದ ಕೆಳಗೆ ಕೂತಿತ್ತು. ಸುಜಾತಾ ಮೂಲೆಯ ಕಡೆ ನೋಡಿ, "ಈಗ ಯಾರನ್ನ ಬೈತೀರಾ, ಮೂರ್ತಿ ಗಾರು?" ಎಂದರು.

ಆ ಕಂಪ್ಯೂಟರ್ ಇದ್ದಷ್ಟು ದಿನ ನಾನೆಷ್ಟು ಒಳ್ಳೆಯ ಪ್ರೋಗ್ರಾಮರ್ ಆಗಿದ್ದೆ.